ಆರು ಪರೀಕ್ಷೆಗಳ ಚೀಟಿ

ಹೋದ ಆಷಾಢದಲ್ಲಿ ಶಿವಮೊಗ್ಗಕ್ಕೆ ಹೋಗಿದ್ದೆ. ಊಟವಾದ ಮೇಲೆ ಅಕ್ಕ ಕನ್ನಡಕದ ಡಬ್ಬಿಯ ಕೆಳಗಿಂದ ಒಂದು ಚೀಟಿ ತೆಗೆದು ನನ್ನ ಕಡೆ ಸರಿಸಿದಳು. ಅವಳು ನನ್ನ ದೊಡ್ಡಮ್ಮನ ಮಗಳು. 62 ವರ್ಷ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮೂವತ್ತು ದಾಟಿದ ಹೊಸದರಲ್ಲಿ ಅವಳ ಒಂದು ಕಣ್ಣು ಮಂಜಾಗಿ, ತಿಂಗಳೊಪ್ಪತ್ತಿನಲ್ಲಿ ತಾನೇ ಸರಿಹೋಗಿತ್ತು. ಆಮೇಲೆ ಕಾಲು ಜೋಮು ಹಿಡಿಯಿತು, ಬಿಟ್ಟಿತು. ಹೀಗೆ ಬಂದು ಹೋಗುತ್ತಿದ್ದ ಕಾಯಿಲೆ ಈಗ ಹತ್ತು ವರ್ಷದಿಂದ ಬರುವುದೂ ಇಲ್ಲ, ಹೋಗುವುದೂ ಇಲ್ಲ, ನಿಧಾನವಾಗಿ ಬೆಳೆಯುತ್ತಿದೆ. ಮೊದಲು ಒಂದು ಕೋಲು, ಈಗ ಎರಡು. ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಅದು ಈಗ ತಲುಪಿರುವ ಹಂತಕ್ಕೆ ವೈದ್ಯರು ‘ಪ್ರೊಗ್ರೆಸಿವ್’ ಅನ್ನುತ್ತಾರೆ. “ನಮ್ಮ ಮನೇಲಿ ಪ್ರಗತಿ ಅಂತ ಆಗಿದ್ದು ಇದೊಂದೇ ಕಣೋ” ಎಂದು ಅಕ್ಕ ನಗುತ್ತಾಳೆ.

ಚೀಟಿಯಲ್ಲಿ ಸಿಪೋನಿಮೋಡ್ ಎಂಬ ಒಂದು ಮಾತ್ರೆಯ ಹೆಸರಿತ್ತು. ಅದನ್ನು ಕೊಟ್ಟು ನೋಡಬಹುದೇನೋ, ಆದರೆ ಮೊದಲು ಇವಿಷ್ಟು ಆಗಲಿ ಎಂದು ಡಾಕ್ಟರು ಕೆಳಗೆ ಆರು ಪರೀಕ್ಷೆ ಬರೆದಿದ್ದರು: ಇಸಿಜಿ, ಕಣ್ಣಿನ ಪರೀಕ್ಷೆ, ಲಿವರ್, ರಕ್ತಕಣಗಳ ಎಣಿಕೆ, ಚಿಕನ್‌ಪಾಕ್ಸ್ ಪ್ರತಿಕಾಯ, ಒಂದು ಜೀನಿನ ಪರೀಕ್ಷೆ.

“ಒಂದು ಗುಳಿಗೆ ನುಂಗೋಕೆ ಆರು ಟೆಸ್ಟು. ಅಷ್ಟು ಅಪಾಯದ್ದೇನೋ ಇದು? ನೀನು ಓದಿದವನಲ್ವಾ, ನೋಡಿ ಹೇಳು.”

ನಾನು ವೈದ್ಯನಲ್ಲ, ಇತಿಹಾಸದ ಮೇಷ್ಟ್ರು. ಮಾತ್ರೆ ತಗೋ, ಬಿಡು ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಹಳೆಯ ಕಾಗದ ಓದುವುದು ಗೊತ್ತು. ಯಾವುದೇ ಪಟ್ಟಿ ಕಂಡರೂ ಇದರಲ್ಲಿ ಈ ಸಾಲು ಯಾವಾಗ ಸೇರಿತು, ಯಾಕೆ ಸೇರಿತು ಎಂದು ಕೇಳುವುದು ನಮ್ಮ ಕಸುಬಿನ ಚಟ. ಆ ಚಟದಿಂದಲೇ ಎರಡು ತಿಂಗಳು ಔಷಧ ಪ್ರಯೋಗಗಳ ವರದಿ ಓದಿದೆ. ಆ ಚೀಟಿ ಹೇಗೆ ಹುಟ್ಟಿತು ಅನ್ನುವ ಕತೆಯೇ ಈ ಲೇಖನ.

*

ನಮ್ಮ ನರಗಳ ಸುತ್ತ, ಕರೆಂಟಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ, ಮಯಲಿನ್ ಎಂಬ ಕೊಬ್ಬಿನ ಪದರವಿರುತ್ತದೆ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ಕಣಗಳೇ ಆ ಪದರದ ಮೇಲೆ ಬೀಳುತ್ತವೆ. ಹೊದಿಕೆ ಹರಿದಲ್ಲಿ ಗಟ್ಟಿ ಕಲೆಗಳಾಗುತ್ತವೆ. 1868ರಲ್ಲಿ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಜಾನ್ ಮಾರ್ಟಿನ್ ಶಾರ್ಕೋ ಈ ಕಲೆಗಳನ್ನೂ ಅದರಿಂದಾಗುವ ನಡುಕ, ಕಣ್ಣಿನ ತೊಂದರೆ, ತೊದಲುಗಳನ್ನೂ ಜೋಡಿಸಿ, ಇದೊಂದು ಪ್ರತ್ಯೇಕ ಕಾಯಿಲೆ ಎಂದು ವಿವರಿಸಿದ. ಚಿಕಿತ್ಸೆಯ ಬಗ್ಗೆ ಮಾತ್ರ ಅವನಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಬೆಳ್ಳಿಯ ಲವಣ, ಚಿನ್ನದ ಲವಣ, ಸ್ಟ್ರಿಕ್ನಿನ್ ಎಂಬ ವಿಷ, ಎಲ್ಲ ಕೊಟ್ಟು ನೋಡಿದ್ದಾಗಿತ್ತು.

ಶಾರ್ಕೋಗೂ ಮೊದಲೇ ಒಬ್ಬ ರೋಗಿ ಈ ಕಾಯಿಲೆಯ ದಿನಚರಿ ಬರೆದಿದ್ದ. ಅವನು ಅಗಸ್ಟಸ್ ಡೆಸ್ಟೆ, ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಯ ಮೊಮ್ಮಗ. 1822ರಲ್ಲಿ ಆಪ್ತರೊಬ್ಬರ ಶವಸಂಸ್ಕಾರ ಮುಗಿದ ಬೆನ್ನಿಗೇ ಅವನ ಕಣ್ಣು ಮಂಜಾಯಿತು, ಆಮೇಲೆ ತಾನೇ ತಿಳಿಯಾಯಿತು. 1827ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಒಂದು ವಸ್ತು ಎರಡಾಗಿ ಕಾಣಿಸಿತು, ಕಾಲಿನ ಶಕ್ತಿ ಹೋಯಿತು. 1848ರಲ್ಲಿ ಸಾಯುವವರೆಗೆ ಒಬ್ಬೊಬ್ಬ ವೈದ್ಯ ಹೇಳಿದ ಒಂದೊಂದು ಉಪಾಯವನ್ನೂ ಅವನು ಮಾಡಿ ನೋಡಿದ. ಅಕ್ಕನ ಕತೆಯಲ್ಲೂ ಮೊದಲು ಮಂಜಾದದ್ದು ಕಣ್ಣೇ. ಅದನ್ನು ಓದುವಾಗ ನನಗೆ ಸ್ವಲ್ಪ ಹೊತ್ತು ಪುಟ ತಿರುಗಿಸಲಾಗಲಿಲ್ಲ.

ಡೆಸ್ಟೆಯ ದಿನಚರಿಯಿಂದ ಕಲಿಯಬೇಕಾದದ್ದು ಒಂದಿದೆ. ತಾನಾಗಿ ಬಂದು ತಾನಾಗಿ ಹೋಗುವ ಕಾಯಿಲೆಯಲ್ಲಿ, ಹೋಗುವ ಹೊತ್ತಿಗೆ ಏನು ಕೊಟ್ಟಿದ್ದರೋ ಅದೇ ಔಷಧಿ ಅನಿಸಿಕೊಳ್ಳುತ್ತದೆ. ಅದೇ ರೀತಿ, ತಾನಾಗಿ ಬೆಳೆಯುವ ಕಾಯಿಲೆಯಲ್ಲಿ ಔಷಧಿ ಮಾಡಿದ ಕೇಡು ಕಾಯಿಲೆಯ ಲೆಕ್ಕಕ್ಕೆ ಜಮಾ ಆಗಿಬಿಡುತ್ತದೆ. ಒಬ್ಬನನ್ನೇ ನೋಡಿದರೆ ಗುಣವೂ ತಿಳಿಯದು, ದೋಷವೂ ತಿಳಿಯದು.

1940ರ ದಶಕದಲ್ಲಿ ಅಮೆರಿಕದ ಟ್ರೇಸಿ ಪಟ್ನಮ್ ಮಾಡಿದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಪಟ್ನಮ್ ಸಾಮಾನ್ಯನಲ್ಲ, 1938ರಲ್ಲಿ ಹ್ಯೂಸ್ಟನ್ ಮೆರಿಟ್ ಜೊತೆ ಸೇರಿ ಫೆನಿಟಾಯಿನ್ ಎಂಬ ಮೂರ್ಛೆರೋಗದ ಮಾತ್ರೆಯನ್ನು ಬಳಕೆಗೆ ತಂದವನು. ಮಿದುಳಿನ ಸಣ್ಣ ರಕ್ತನಾಳಗಳು ಹೆಪ್ಪುಗಟ್ಟುವುದರಿಂದಲೇ ಮಲ್ಟಿಪಲ್ ಸ್ಕ್ಲೆರೋಸಿಸ್ ಬರುತ್ತದೆ ಎಂದು ಅವನು ನಂಬಿದ್ದ. ಅದೇ ಹೊತ್ತಿಗೆ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿ, ಕೊಳೆತ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಯಾಕೆ ಸಾಯುತ್ತವೆ ಎಂದು ಹುಡುಕಿ, ಡೈಕುಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿದ್ದ. ಅದು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಪಟ್ನಮ್ ಅದನ್ನೇ ರೋಗಿಗಳಿಗೆ ನುಂಗಿಸಿದ. 1947ರಲ್ಲಿ ಫಲಿತಾಂಶ ಪ್ರಕಟಿಸಿದ. ಹೋಲಿಕೆಗೆಂದು ಹುಸಿಮಾತ್ರೆ ಕೊಟ್ಟ ಗುಂಪು ಅದರಲ್ಲಿರಲಿಲ್ಲ. ಸಿದ್ಧಾಂತ ತಪ್ಪಾಗಿತ್ತು. ದನಗಳನ್ನು ಕೊಂದ ವಸ್ತುವನ್ನು, ಪ್ರಯೋಜನವೇ ಇರದ ಕಡೆ, ಮನುಷ್ಯರು ನಂಬಿಕೆಯಿಂದ ನುಂಗಿದ್ದರು. ಅದೇ ಕುಟುಂಬದ ವಾರ್ಫರಿನ್ ಮುಂದೆ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. ಆಮೇಲೆ ಅದೇ ಹೃದಯರೋಗಿಗಳ ಔಷಧಿಯೂ ಆಯಿತು. ಒಂದೇ ವಸ್ತು ಯಾರಿಗೆ ಮದ್ದು, ಯಾರಿಗೆ ವಿಷ ಎಂದು ತಿಳಿಯಲು ಬರೀ ಬುದ್ಧಿವಂತಿಕೆ ಸಾಲದು, ಎಣಿಸಬೇಕು.

*

ಎಣಿಸುವುದು ಅಂದರೆ ಹೇಗೆ? ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಬೇಕು. ಒಂದಕ್ಕೆ ಔಷಧಿ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಹುಸಿಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಯಬಾರದು, ವೈದ್ಯರಿಗೂ ತಿಳಿಯಬಾರದು. ಬಂದು ಹೋಗುವ ಬಗೆಯ ಕಾಯಿಲೆಯಲ್ಲಿ ಎಷ್ಟು ಸಲ ಬಂತು ಎಂದು ಲೆಕ್ಕ ಇಡಬಹುದು. ಬೆಳೆಯುತ್ತಲೇ ಹೋಗುವ ಬಗೆಯಲ್ಲಿ ಎಣಿಸಲು ಅಂಥ ಘಟನೆಗಳಿಲ್ಲ. ಇರುವುದು ಇಳಿಜಾರು ಮಾತ್ರ. ಅದನ್ನು ಅಳೆಯಲು ಜಾನ್ ಕರ್ಟ್ಜ್‌ಕೆ ಎಂಬ ಅಮೆರಿಕದ ನರರೋಗ ತಜ್ಞ ಒಂದು ಅಳತೆಪಟ್ಟಿ ಮಾಡಿಟ್ಟ. ಈಗ ಬಳಕೆಯಲ್ಲಿರುವ ರೂಪ 1983ರದ್ದು. 0 ಎಂದರೆ ಏನೂ ತೊಂದರೆಯಿಲ್ಲ, 6 ಎಂದರೆ ಒಂದು ಕೋಲು, 6.5 ಎಂದರೆ ಎರಡು, 7 ಎಂದರೆ ಗಾಲಿಕುರ್ಚಿ, 10 ಎಂದರೆ ಸಾವು. ಅಕ್ಕ ಈಗ 6.5ರಲ್ಲಿದ್ದಾಳೆ. ಅರ್ಧ ಅಂಕ ಇಳಿಯಲು ವರ್ಷಗಳೇ ಹಿಡಿಯಬಹುದು. ಹಾಗಾಗಿ ಪ್ರಯೋಗವೂ ಎರಡು ಮೂರು ವರ್ಷ ನಡೆಯಬೇಕು. ಅಷ್ಟು ಕಾಲ ದಿನವೂ ಮಾತ್ರೆ ನುಂಗಿದರೆ ಮೂತ್ರಪಿಂಡ, ಲಿವರ್, ಹೃದಯ ಏನಾಗುತ್ತವೆ ಅನ್ನುವ ಪ್ರಶ್ನೆಯೂ ಜೊತೆಗೇ ಬೆಳೆಯುತ್ತದೆ.

ಮೊದಲ ದೊಡ್ಡ ಪ್ರಯತ್ನಗಳಲ್ಲೊಂದು ಸೈಕ್ಲೋಸ್ಪೋರಿನ್. ನಾರ್ವೆಯ ಮಣ್ಣಿನಲ್ಲಿದ್ದ ಶಿಲೀಂಧ್ರದಿಂದ ಬಂದ ಈ ಔಷಧಿ ಅಂಗಾಂಗ ಕಸಿಯ ಚರಿತ್ರೆಯನ್ನೇ ಬದಲಿಸಿತ್ತು. ಅಮೆರಿಕದಲ್ಲಿ, ಕಾಯಿಲೆ ಬೆಳೆಯುತ್ತಲೇ ಇದ್ದ 547 ರೋಗಿಗಳ ಮೇಲೆ ಅದರ ಪ್ರಯೋಗ ನಡೆಯಿತು. ವರದಿ ಬಂದದ್ದು 1990ರಲ್ಲಿ. ಔಷಧಿ ಕೆಲಸ ಮಾಡಲಿಲ್ಲ ಅನ್ನುವ ಹಾಗಿರಲಿಲ್ಲ, ಗಾಲಿಕುರ್ಚಿಗೆ ಬರುವ ದಿನವನ್ನು ಸ್ವಲ್ಪ ಮುಂದೂಡಿತ್ತು. ಆದರೆ ಬಿ.ಪಿ. ಏರಿತು, ಮೂತ್ರಪಿಂಡ ಸೋತಿತು. ಔಷಧಿಯ ಗುಂಪಿನಲ್ಲಿ ನೂರಕ್ಕೆ 44 ಮಂದಿ ಅರ್ಧದಲ್ಲೇ ಬಿಟ್ಟರು. ನಡೆಯುವ ಶಕ್ತಿ ಉಳಿಸಿಕೊಳ್ಳಲು ಮೂತ್ರಪಿಂಡ ಒತ್ತೆಯಿಡಬೇಕೇ ಅನ್ನುವ ಪ್ರಶ್ನೆಗೆ ವೈದ್ಯಲೋಕ ಬೇಡ ಎಂದಿತು. ಐದು ವರ್ಷದ ನಂತರ ಕ್ಲೀವ್‌ಲೆಂಡ್‌ನಲ್ಲಿ 60 ರೋಗಿಗಳಿಗೆ ವಾರಕ್ಕೊಮ್ಮೆ 7.5 ಮಿಲಿಗ್ರಾಂ ಮೆಥೊಟ್ರೆಕ್ಸೇಟ್ ಕೊಟ್ಟು ನೋಡಿದರು. ಅದು ಕಡಿಮೆ ಪ್ರಮಾಣ, ಸಹಿಸಿಕೊಳ್ಳಬಹುದಾದದ್ದು. ಸಿಕ್ಕ ಲಾಭವೂ ಚಿಕ್ಕದೇ, ಮುಖ್ಯವಾಗಿ ಕೈಗಳಲ್ಲಿ. ಒಂಬತ್ತು ರಂಧ್ರಗಳಿಗೆ ಒಂಬತ್ತು ಗೂಟ ಸಿಕ್ಕಿಸಿ ತೆಗೆಯಲು ಎಷ್ಟು ಸೆಕೆಂಡು ಬೇಕು ಅನ್ನುವ ಪರೀಕ್ಷೆಯಲ್ಲಿ ಆ ವ್ಯತ್ಯಾಸ ಕಂಡಿತ್ತು. ಈ ಗೂಟಗಳ ವಿಚಾರಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

*

ನನ್ನನ್ನು ಬಹಳ ಕಾಡಿದ್ದು ಲಿನೋಮೈಡ್ ಎಂಬ ಮಾತ್ರೆಯ ಕತೆ. 1996ರಲ್ಲಿ ಜೆರುಸಲೇಮಿನಲ್ಲಿ ಇಂಥ 30 ರೋಗಿಗಳ ಮೇಲೆ ಸಣ್ಣ ಪ್ರಯೋಗ ನಡೆದು ಭರವಸೆ ಹುಟ್ಟಿತು. ಮಿದುಳಿನ ಚಿತ್ರಗಳಲ್ಲಿ ಹೊಸ ಕಲೆಗಳು ಕಡಿಮೆಯಾಗಿದ್ದವು. ಅದರ ಬೆನ್ನಿಗೆ ಉತ್ತರ ಅಮೆರಿಕದಲ್ಲಿ 715 ಜನರ ದೊಡ್ಡ ಪ್ರಯೋಗ. ಜನರನ್ನು ಸೇರಿಸಿಕೊಂಡು ಮುಗಿದ ಒಂದು ತಿಂಗಳಿಗೇ, 1997ರಲ್ಲಿ, ಅದನ್ನು ನಿಲ್ಲಿಸಬೇಕಾಯಿತು. ಮಾತ್ರೆ ತೆಗೆದುಕೊಂಡವರಲ್ಲಿ ಹೃದಯಾಘಾತ, ಹೃದಯದ ಹೊರಪೊರೆಯ ಉರಿಯೂತ, ಮೇದೋಜೀರಕ ಗ್ರಂಥಿಯ ಉರಿಯೂತ ಕಾಣಿಸಿಕೊಂಡವು. ಇವು ಮಿದುಳಿನ ಕಾಯಿಲೆ ಇದ್ದವರು. ಹೃದಯಕ್ಕೆ ಕುತ್ತು ಬಂದೀತೆಂದು ಯಾರೂ ಎಣಿಸಿರಲಿಲ್ಲ.

ಇದನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿದೆ. “30 ಜನರಲ್ಲಿ ಅದೆಲ್ಲಿ ಗೊತ್ತಾಗುತ್ತೆ?” ಅಂದಳು. ಅವಳ ಮಾತಿಗೆ ಸಂಖ್ಯಾಶಾಸ್ತ್ರದಲ್ಲಿ ಒಂದು ಸೂತ್ರವೇ ಇದೆ. ‘ಮೂರರ ನಿಯಮ’ ಎನ್ನುತ್ತಾರೆ; ನಾವು ಶಾಲೆಯಲ್ಲಿ ಕಲಿತ ತ್ರಿರಾಶಿಯಲ್ಲ, ಇದು ಬೇರೆ. ಪ್ರಯೋಗದಲ್ಲಿದ್ದ ಯಾರಿಗೂ ಒಂದು ನಿರ್ದಿಷ್ಟ ತೊಂದರೆ ಆಗಿಲ್ಲವೆಂದಿಟ್ಟುಕೊಳ್ಳಿ. 3ನ್ನು ಜನರ ಸಂಖ್ಯೆಯಿಂದ ಭಾಗಿಸಿದರೆ, ಆ ತೊಂದರೆಯ ನಿಜವಾದ ಸಂಭವ ಹೆಚ್ಚೆಂದರೆ ಎಷ್ಟಿರಬಹುದು ಎಂದು ಸುಮಾರಾಗಿ ಸಿಗುತ್ತದೆ. 30 ಜನರಿಗೆ ಏನೂ ಆಗದಿದ್ದರೂ ಅಪಾಯ ನೂರಕ್ಕೆ 10ರಷ್ಟು ಇರುವುದು ಸಾಧ್ಯ. 300 ಜನರಿಗೆ ಆಗದಿದ್ದರೆ ನೂರಕ್ಕೆ 1. ಸಾವಿರಕ್ಕೊಬ್ಬರಿಗೆ ಬರುವ ಕೇಡನ್ನು ಕಾಣಲು ಮೂರು ಸಾವಿರ ಜನ ನುಂಗಬೇಕು. ‘ಯಾರಿಗೂ ಏನೂ ಆಗಿಲ್ಲ’ ಅನ್ನುವ ಮಾತು ಎಷ್ಟು ಜನರನ್ನು ನೋಡಿ ಹೇಳಿದ್ದು ಎಂದು ತಿಳಿಯದಿದ್ದರೆ ಅದಕ್ಕೆ ಅರ್ಥವೇ ಇಲ್ಲ. “ಬರೀ ಅಂಶ ಹೇಳಿದ್ರೆ ಆಯ್ತಾ, ಛೇದ ಎಲ್ಲಿ?” ಎಂದು ಅಕ್ಕ ಮಕ್ಕಳನ್ನು ಗದರುತ್ತಿದ್ದದ್ದು ನೆನಪಾಯಿತು.

ಹಾಗಾದರೆ ಪ್ರಯೋಗವನ್ನು ನಡುವೆ ನಿಲ್ಲಿಸುವವರು ಯಾರು? ರೋಗಿಗೂ ವೈದ್ಯರಿಗೂ ಯಾರು ಏನು ನುಂಗುತ್ತಿದ್ದಾರೆಂದು ಗೊತ್ತಿರುವುದಿಲ್ಲವಲ್ಲ. ಅದಕ್ಕೆಂದೇ ಹೊರಗಿನ ತಜ್ಞರ ಒಂದು ಸಣ್ಣ ಸಮಿತಿ ಇರುತ್ತದೆ. ಎರಡೂ ಗುಂಪಿನ ಲೆಕ್ಕವನ್ನು ಆಗಾಗ ತೆರೆದು ನೋಡುವ ಹಕ್ಕು ಅವರಿಗೆ ಮಾತ್ರ. ಒಂದು ಕಡೆ ಕೇಡು ಹೆಚ್ಚುತ್ತಿದೆ ಅನ್ನಿಸಿದರೆ ನಿಲ್ಲಿಸಿ ಎಂದು ಹೇಳುವುದು ಅವರ ಕೆಲಸ. ಬೇಗ ನಿಲ್ಲಿಸಿದರೆ ಒಳ್ಳೆಯ ಔಷಧಿ ಕೈತಪ್ಪಬಹುದು, ತಡಮಾಡಿದರೆ ಜೀವ ಹೋಗಬಹುದು.

ಲಿನೋಮೈಡ್ ಅಲ್ಲಿಗೇ ಮುಗಿಯಲಿಲ್ಲ. ರಸಾಯನಶಾಸ್ತ್ರಜ್ಞರು ಅದರ ರಚನೆಯನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಲಾಕ್ವಿನಿಮೋಡ್ ಎಂಬ ಹೊಸ ಮಾತ್ರೆ ಮಾಡಿದರು. ಕಡಿಮೆ ಪ್ರಮಾಣದಲ್ಲಿ ಅದು ಸೌಮ್ಯವಾಗಿಯೇ ಇತ್ತು. ಮೊದಲಿಂದಲೇ ಬೆಳೆಯುತ್ತ ಹೋಗುವ ಬಗೆಯ ರೋಗಿಗಳ ಮೇಲೆ ಹೆಚ್ಚಿನ ಪ್ರಮಾಣವನ್ನೂ ಪರೀಕ್ಷಿಸುತ್ತಿದ್ದಾಗ, 2016ರ ಜನವರಿಯಲ್ಲಿ ಆ ಗುಂಪನ್ನು ನಿಲ್ಲಿಸಬೇಕಾಯಿತು. ಕಾರಣ ಮತ್ತೆ ಹೃದಯ ಮತ್ತು ರಕ್ತನಾಳಗಳ ತೊಂದರೆ. ಉಳಿದ ಕಡಿಮೆ ಪ್ರಮಾಣದಿಂದ ಲಾಭವಿಲ್ಲವೆಂದು 2017ರ ಡಿಸೆಂಬರಿನಲ್ಲಿ ತಿಳಿಯಿತು. ಅಜ್ಜನ ಕಾಯಿಲೆ ಮೊಮ್ಮಗನಲ್ಲಿ ಕಾಣಿಸಿಕೊಂಡ ಹಾಗೆ, ಸುಮಾರು ಇಪ್ಪತ್ತು ವರ್ಷದ ನಂತರ ಅದೇ ದೋಷ ಮರಳಿತ್ತು. ವ್ಯತ್ಯಾಸವಿಷ್ಟೇ: ಈ ಸಲ ಎಲ್ಲಿ ನೋಡಬೇಕು ಅನ್ನುವುದು ಗೊತ್ತಿತ್ತು.

*

ಈಗ ಅಕ್ಕನ ಚೀಟಿಗೆ ಬರೋಣ. ಸಿಪೋನಿಮೋಡ್‌ನ ಅಣ್ಣ ಫಿಂಗೊಲಿಮೋಡ್. ಅದರ ಮೂಲವೂ ಒಂದು ಶಿಲೀಂಧ್ರ. ಕೀಟಗಳ ಮೈಮೇಲೆ ಬೆಳೆಯುವಂಥದ್ದು. ಜಪಾನಿನ ಕ್ಯೋಟೋದ ತೆತ್ಸುರೊ ಫುಜಿತಾ ಮತ್ತು ಸಂಗಡಿಗರು ಅದರಲ್ಲಿದ್ದ ರಾಸಾಯನಿಕವನ್ನು ಮಾರ್ಪಡಿಸಿ ಇದನ್ನು ರೂಪಿಸಿದರು. ರಕ್ಷಣಾ ಕಣಗಳಾದ ಲಿಂಫೊಸೈಟುಗಳನ್ನು ಇದು ಕೊಲ್ಲುವುದಿಲ್ಲ. ಅವು ದುಗ್ಧಗ್ರಂಥಿಗಳಿಂದ ಹೊರಬರದ ಹಾಗೆ ಬಾಗಿಲು ಹಾಕುತ್ತದೆ. ಮಿದುಳಿಗೆ ಹೋಗಿ ದಾಳಿ ಮಾಡುವವರು ಮನೆಯಲ್ಲೇ ಉಳಿಯುತ್ತಾರೆ. ಚೀಟಿಯಲ್ಲಿ ‘ರಕ್ತಕಣಗಳ ಎಣಿಕೆ’ ಇರುವುದು ಇದಕ್ಕೆ. ರಕ್ತದಲ್ಲಿ ಲಿಂಫೊಸೈಟುಗಳು ಕಡಿಮೆಯಾಗುವುದು ಈ ಮಾತ್ರೆಯ ಅಡ್ಡಪರಿಣಾಮವಲ್ಲ, ಕೆಲಸವೇ ಅದು. ಆದರೆ ಮನೆಯ ಕಾವಲುಗಾರರನ್ನೆಲ್ಲ ಒಳಗೆ ಕೂಡಿಹಾಕಿದರೆ ಕಳ್ಳರಿಗೆ ಅನುಕೂಲ.

ಆ ಕಳ್ಳ 2010ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಸಿಗುತ್ತಾನೆ. ಬಂದು ಹೋಗುವ ಬಗೆಯ 1292 ರೋಗಿಗಳ ಪ್ರಯೋಗ ಅದು. ಹೆಚ್ಚಿನ ಪ್ರಮಾಣದ ಫಿಂಗೊಲಿಮೋಡ್ ತೆಗೆದುಕೊಳ್ಳುತ್ತಿದ್ದ ಇಬ್ಬರು ಸೋಂಕಿನಿಂದ ತೀರಿಕೊಂಡರು. ಒಬ್ಬರಿಗೆ ಬಂದದ್ದು ಚಿಕನ್‌ಪಾಕ್ಸ್, ನಮ್ಮ ಕಡೆ ‘ಅಮ್ಮ’ ಅನ್ನುತ್ತಾರಲ್ಲ, ಅದು. ಚಿಕ್ಕಂದಿನಲ್ಲಿ ಅದು ಬಂದು ಹೋದವರ ರಕ್ತದಲ್ಲಿ ಪ್ರತಿಕಾಯ ಇರುತ್ತದೆ. ಇಲ್ಲದವರಿಗೆ ಮೊದಲು ಲಸಿಕೆ ಹಾಕಿ, ಆಮೇಲೆ ಮಾತ್ರೆ ಶುರುಮಾಡುತ್ತಾರೆ. ಚೀಟಿಯ ಐದನೆಯ ಸಾಲಿನ ಹಿಂದೆ ಇಂಥದ್ದೊಂದು ಸಾವಿದೆ.

ಕಣ್ಣಿನ ಪರೀಕ್ಷೆಯ ಕತೆ ಇನ್ನೂ ಹಿಂದಿನದು. ಫಿಂಗೊಲಿಮೋಡ್ ಮೊದಲು ಪರೀಕ್ಷೆಗೊಳಗಾದದ್ದು ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಲ್ಲಿ. ಅಲ್ಲಿ ಕೆಲವರ ಅಕ್ಷಿಪಟದ ನಡುಭಾಗ ಊದಿಕೊಂಡು ದೃಷ್ಟಿ ಮಸುಕಾಯಿತು. ಕಸಿಗೆ ಅದು ಉಪಯೋಗಕ್ಕೆ ಬರಲಿಲ್ಲ. ಆದರೆ ಆ ರೋಗಿಗಳು ಕಲಿಸಿದ ಪಾಠ ಬೇರೊಂದು ಕಾಯಿಲೆಯವರ ಚೀಟಿಗೆ ಸೇರಿತು.

ಮೊದಲನೆಯ ಸಾಲು, ಇಸಿಜಿ. ಮೊದಲ ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ಹೃದಯದ ಬಡಿತ ನಿಧಾನವಾಗುತ್ತದೆ. ಇದು ಮೊದಲೇ ಗೊತ್ತಿತ್ತು. 2010ರ ಸೆಪ್ಟೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗಲೇ ಮೊದಲ ಮಾತ್ರೆಯ ನಂತರ ಆರು ಗಂಟೆ ವೈದ್ಯರ ಕಣ್ಣೆದುರು ಇರಬೇಕು ಎಂದಿತ್ತು. ಆದರೂ 2011ರ ಕೊನೆಯಲ್ಲಿ ಅಲ್ಲಿನ ಒಬ್ಬ ರೋಗಿ ಮೊದಲ ಮಾತ್ರೆ ತೆಗೆದುಕೊಂಡ 24 ಗಂಟೆಯೊಳಗೆ ತೀರಿಕೊಂಡರು. ಸಾವಿಗೆ ಮಾತ್ರೆಯೇ ಕಾರಣವೆಂದು ಖಚಿತವಾಗಲಿಲ್ಲ. ಅಲ್ಲವೆಂದೂ ಹೇಳುವಂತಿರಲಿಲ್ಲ. 2012ರಲ್ಲಿ ನಿಯಮ ಬಿಗಿಯಾಯಿತು. ಮಾತ್ರೆಗೆ ಮುಂಚೆ ಇಸಿಜಿ, ನಂತರ ಮತ್ತೊಂದು ಇಸಿಜಿ, ಹೃದಯದ ತೊಂದರೆ ಇರುವವರಿಗೆ ಕೊಡಬಾರದು.

ಇಷ್ಟೆಲ್ಲ ಕಲಿತು ಫಿಂಗೊಲಿಮೋಡನ್ನು ಮೊದಲಿಂದಲೇ ಬೆಳೆಯುವ ಬಗೆಯ ರೋಗಿಗಳಿಗೆ ಕೊಟ್ಟು ನೋಡಿದರು. 18 ದೇಶ, 970 ಜನ. 2016ರಲ್ಲಿ ಪ್ರಕಟವಾದ ಫಲಿತಾಂಶ: ಇಳಿಜಾರು ನಿಧಾನವಾಗಲಿಲ್ಲ. ವರ್ಷಗಟ್ಟಲೆ ಅಪಾಯ ಹೊತ್ತ ಅಷ್ಟು ಜನರಿಗೆ ಸಿಕ್ಕಿದ್ದು ‘ಇಲ್ಲ’ ಅನ್ನುವ ಉತ್ತರ. ಆದರೆ ಆ ‘ಇಲ್ಲ’ ಸಿಗದಿದ್ದರೆ ಪಟ್ನಮ್‌ನ ಕಾಲದ ಹಾಗೆ ನಂಬಿಕೆಯ ಮೇಲೆಯೇ ಎಲ್ಲರೂ ನುಂಗುತ್ತಿದ್ದರು.

ತಮ್ಮ ಸಿಪೋನಿಮೋಡ್ ಬಂದದ್ದು ಇದರ ನಂತರ. 31 ದೇಶಗಳ 1651 ರೋಗಿಗಳು, ಎಲ್ಲರೂ ಅಕ್ಕನಂತೆ ಎರಡನೆಯ ಹಂತಕ್ಕೆ ಜಾರಿದವರು. 2018ರಲ್ಲಿ ವರದಿ ಬಂತು. ಹುಸಿಮಾತ್ರೆಯವರಲ್ಲಿ ನೂರಕ್ಕೆ 32 ಮಂದಿಯ ಸ್ಥಿತಿ ಇಳಿದಿತ್ತು, ಔಷಧಿಯವರಲ್ಲಿ 26. ಗಂಭೀರ ತೊಂದರೆಗಳು ಹುಸಿಮಾತ್ರೆಯವರಲ್ಲಿ ನೂರಕ್ಕೆ 15, ಔಷಧಿಯವರಲ್ಲಿ 18. ಹೃದಯಕ್ಕೆ ಒಮ್ಮೆಲೇ ಆಘಾತವಾಗದಂತೆ 0.25 ಮಿಲಿಗ್ರಾಂನಿಂದ ಶುರುಮಾಡಿ, ಮೆಟ್ಟಿಲು ಹತ್ತಿದ ಹಾಗೆ ಆರನೆಯ ದಿನ 2 ಮಿಲಿಗ್ರಾಂ ತಲುಪುವ ಕ್ರಮವಿತ್ತು. ಅದು ಅಣ್ಣನಿಂದ ಕಲಿತ ಪಾಠ. ಆರನೆಯ ಪರೀಕ್ಷೆ ಜೀನಿನದು. ಈ ಮಾತ್ರೆಯನ್ನು ಲಿವರ್ ಕರಗಿಸುವ ವೇಗ ಒಂದು ಜೀನಿನ ಮೇಲೆ ನಿಂತಿದೆ. ಕೆಲವರಿಗೆ ಅರ್ಧ ಪ್ರಮಾಣ ಸಾಕು. ಬಹಳ ವಿರಳವಾದ ಒಂದು ಜೋಡಿಯ ಜೀನ್ ಇರುವವರಿಗೆ ಮಾತ್ರೆಯೇ ಕೂಡದು.

ಈ ಅಂಕಿಗಳನ್ನು ಅಕ್ಕನಿಗೆ ಓದಿ ಹೇಳಿದಾಗ ಅವಳು ಬೇಗ ಲೆಕ್ಕ ಹಾಕಿದಳು. “ನೂರು ಜನರಲ್ಲಿ ಆರು ಜನಕ್ಕೆ ಲಾಭ, ಮೂರು ಜನಕ್ಕೆ ಹೆಚ್ಚಿನ ತೊಂದರೆ.” ಆಮೇಲೆ ತಾನೇ, “ಆದ್ರೆ ಆರರಲ್ಲಿ ಮೂರು ಕಳೆಯೋಕಾಗಲ್ಲ. ಸೇರಿನಿಂದ ಮೊಳ ಕಳೆದ ಹಾಗಾಗುತ್ತೆ” ಅಂದಳು. ನನಗೆ ಕಂಡ ಇನ್ನೊಂದು ಅಂಕಿಯನ್ನೂ ಹೇಳಿದೆ. ಏನಾದರೂ ಒಂದು ತೊಂದರೆ ಹೇಳಿಕೊಂಡವರು ಔಷಧಿಯ ಗುಂಪಿನಲ್ಲಿ ನೂರಕ್ಕೆ 89. ಬರೀ ಹುಸಿಮಾತ್ರೆ ನುಂಗಿದವರಲ್ಲೂ 82. ತಲೆನೋವು, ಬೀಳುವುದು, ಮೂತ್ರದ ಸೋಂಕು, ಇವೆಲ್ಲ ಕಾಯಿಲೆಯ ಜೊತೆಗೇ ಇರುವಂಥವು. ಹುಸಿಮಾತ್ರೆಯ ಗುಂಪು ಇಲ್ಲದಿದ್ದರೆ 89ನ್ನು ಕಂಡು ಯಾರೂ ಆ ಔಷಧಿಯನ್ನು ಮುಟ್ಟುತ್ತಿರಲಿಲ್ಲ. ತಮಗೆ ಲಾಭವಾಗದ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿ, ಇನ್ನೊಬ್ಬರ ಲೆಕ್ಕ ಸರಿಮಾಡಿಕೊಟ್ಟವರು ಅವರು.

*

ಹಾಗಾದರೆ ಮೊದಲೇ ನಿರಪಾಯ ಎಂದು ಗೊತ್ತಿರುವುದನ್ನೇ ಕೊಡಬಾರದೇಕೆ? ಅದನ್ನೂ ಮಾಡಿ ನೋಡಿದ್ದಾರೆ. ಕೊಲೆಸ್ಟರಾಲಿಗೆ ಕೋಟ್ಯಂತರ ಜನ ನುಂಗುವ ಸಿಂವಾಸ್ಟಾಟಿನ್ ಬ್ರಿಟನ್ನಿನ 140 ರೋಗಿಗಳ ಪ್ರಯೋಗದಲ್ಲಿ ಮಿದುಳು ಕುಗ್ಗುವುದನ್ನು ತಗ್ಗಿಸಿತ್ತು. 2014ರ ಆ ಸುದ್ದಿ ದೊಡ್ಡ ಆಸೆ ಹುಟ್ಟಿಸಿತು. 964 ಜನರ ಮುಂದಿನ ಪ್ರಯೋಗದ ಫಲಿತಾಂಶ 2024ರಲ್ಲಿ ಬಂದಾಗ ಲಾಭ ಕಾಣಲಿಲ್ಲ. ಜಪಾನಿನಲ್ಲಿ ಅಸ್ತಮಾಕ್ಕೆ ಕೊಡುತ್ತಿದ್ದ ಇಬುಡಿಲಾಸ್ಟ್ 2018ರ ವರದಿಯಲ್ಲಿ ಮಿದುಳಿನ ಕುಗ್ಗುವಿಕೆಯನ್ನು ನಿಧಾನಿಸಿತು; ಅದು ನಡೆಯುವ ಕಾಲಿಗೆ ಎಷ್ಟು ಲಾಭವಾಗಿ ಇಳಿಯುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಬಯೋಟಿನ್ ಕತೆ ಇದಕ್ಕಿಂತ ವಿಚಿತ್ರ. ಅದೊಂದು ಬಿ ವಿಟಮಿನ್. ದಿನಕ್ಕೆ ಬೇಕಾದ್ದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು, 300 ಮಿಲಿಗ್ರಾಂ, ಕೊಟ್ಟರೆ ಕೆಲವರು ಸುಧಾರಿಸುತ್ತಾರೆ ಎಂದು 2016ರ ವರದಿ ಹೇಳಿತು. ವಿಟಮಿನ್ ತಾನೇ, ಏನಾದೀತು ಎಂದು ಬಹಳ ಜನ ಶುರುಮಾಡಿದರು. ಅದು ದೇಹಕ್ಕೆ ನೇರ ಕೇಡು ಮಾಡಲಿಲ್ಲ. ಆದರೆ ಅನೇಕ ರಕ್ತಪರೀಕ್ಷೆಗಳ ರಸಾಯನದಲ್ಲಿ ಬಯೋಟಿನ್ ಬಳಕೆಯಲ್ಲಿದೆ. ರಕ್ತದಲ್ಲಿ ಅದು ತುಂಬಿದ್ದರೆ ಫಲಿತಾಂಶವೇ ತಪ್ಪು ಬರುತ್ತದೆ. ಹೃದಯಾಘಾತವನ್ನು ಪತ್ತೆ ಮಾಡುವ ಟ್ರೊಪೋನಿನ್ ಪರೀಕ್ಷೆ ಸುಳ್ಳು ಹೇಳಿ, ಹೆಚ್ಚು ಬಯೋಟಿನ್ ತೆಗೆದುಕೊಳ್ಳುತ್ತಿದ್ದ ಒಬ್ಬರು ತೀರಿಕೊಂಡರೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತು. 642 ಜನರ ಎರಡನೆಯ ಪ್ರಯೋಗದಲ್ಲಿ, 2020ರ ಹೊತ್ತಿಗೆ, ಲಾಭವೂ ಇಲ್ಲವೆಂದಾಯಿತು. ಸುರಕ್ಷಿತ ಎಂಬ ಹೆಸರೇ ಕೆಲವೊಮ್ಮೆ ಅಪಾಯಕ್ಕೆ ಬಾಗಿಲು ತೆರೆಯುತ್ತದೆ.

ಚೀಟಿಯಲ್ಲಿ ಉಳಿದದ್ದು ಲಿವರ್. ಸಿಪೋನಿಮೋಡ್‌ನಲ್ಲೂ ಲಿವರ್ ಕಿಣ್ವಗಳು ಏರುತ್ತವೆ. ಆ ಸಾಲಿನ ತೂಕ ನನಗೆ ತಿಳಿದದ್ದು ಮಾತ್ರ ಇತ್ತೀಚಿನ ಇನ್ನೊಂದು ಮಾತ್ರೆಯಿಂದ. ಟೋಲೆಬ್ರುಟಿನಿಬ್ ಅದರ ಹೆಸರು. ಮಿದುಳಿನ ಒಳಗೇ ಹೊಕ್ಕು ಅಲ್ಲಿಯ ಉರಿಯನ್ನು ತಗ್ಗಿಸುವ ಬಗೆ. ಲಿವರಿಗೆ ಪೆಟ್ಟಾಗುತ್ತಿದೆ ಎಂದು 2022ರ ಜೂನಿನಲ್ಲಿ ಅಮೆರಿಕದಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದಕ್ಕೆ ತಡೆ ಬಿತ್ತು. ಪ್ರಯೋಗ ಮುಂದುವರಿದು 2025ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೊಸ ದಾಳಿಗಳಿಲ್ಲದೆ ಬೆಳೆಯುತ್ತಲೇ ಹೋಗುತ್ತಿದ್ದ 1131 ರೋಗಿಗಳಲ್ಲಿ, ಸ್ಥಿತಿ ಇಳಿದವರು ಔಷಧಿಯ ಗುಂಪಿನಲ್ಲಿ ನೂರಕ್ಕೆ 22.6, ಹುಸಿಮಾತ್ರೆಯವರಲ್ಲಿ 30.7. ಅಕ್ಕನಂಥವರಿಗೆ ಬಹುಕಾಲ ಸಿಗದೆ ಇದ್ದ ಸುದ್ದಿ ಅದು. ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ: ಔಷಧಿಯ ಗುಂಪಿನ ಸಾವಿರಕ್ಕೆ ಐದು ಮಂದಿಗೆ ಲಿವರ್ ಕಿಣ್ವ ಇಪ್ಪತ್ತು ಪಟ್ಟಿಗೂ ಮೀರಿ ಏರಿತ್ತು, ಎಲ್ಲವೂ ಮೊದಲ 90 ದಿನಗಳಲ್ಲಿ, ಒಬ್ಬರಿಗೆ ಲಿವರ್ ಕಸಿ ಮಾಡಬೇಕಾಗಿ ಬಂದು, ಆ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳಿಂದ ಅವರು ತೀರಿಕೊಂಡರು. ಭರವಸೆ ಮತ್ತು ಸಾವು ಒಂದೇ ಪುಟದಲ್ಲಿ. ಯಾವುದನ್ನೂ ಮುಚ್ಚಿಡದೆ ಎರಡನ್ನೂ ಬರೆದಿಡುವುದೇ ಈ ವಿದ್ಯೆಯ ಮರ್ಯಾದೆ.

*

ಎರಡು ತಿಂಗಳ ನಂತರ ಶಿವಮೊಗ್ಗಕ್ಕೆ ಹೋದಾಗ ಇದನ್ನೆಲ್ಲ ಅಕ್ಕನ ಮುಂದಿಟ್ಟೆ. ನನಗೆ ಅನ್ನಿಸಿದ್ದನ್ನೂ ಹೇಳಿದೆ: ಪಟ್ಟಿ ಉದ್ದವಿದೆ ಎಂದರೆ ಮಾತ್ರೆ ಕೆಟ್ಟದ್ದು ಅಂತಲ್ಲ, ಯಾರೋ ಕೂತು ಎಣಿಸಿದ್ದಾರೆ ಅಂತ. ಡೆಸ್ಟೆಗೆ ಯಾರೂ ಇಂಥ ಚೀಟಿ ಬರೆದುಕೊಡಲಿಲ್ಲ.

ಅಕ್ಕ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, “ಆ ಸಾವಿರದ ಆರುನೂರು ಜನರಲ್ಲಿ ನನ್ನ ವಯಸ್ಸಿನವರು ಎಷ್ಟು?” ಅಂದಳು. ಸೇರಿಸಿಕೊಂಡದ್ದು 18ರಿಂದ 60 ವರ್ಷದವರನ್ನು ಮಾತ್ರ, ಅಳತೆಪಟ್ಟಿಯಲ್ಲಿ 6.5 ಕೊನೆ, ಬಹುಪಾಲು ಬಿಳಿಯರು. “ಅಂದ್ರೆ ನಾನು ಛೇದದಲ್ಲೇ ಇಲ್ಲ” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು. ಪ್ರಯೋಗಗಳು ತಾವು ಎಣಿಸಿದವರ ಬಗ್ಗೆ ಮಾತ್ರ ಹೇಳಬಲ್ಲವು. ವಯಸ್ಸಾದವರು, ಗಾಲಿಕುರ್ಚಿಗೆ ಬಂದವರು, ಬೇರೆ ಕಾಯಿಲೆಯೂ ಇರುವವರು, ಅಂದರೆ ಔಷಧಿ ಬಹಳ ಬೇಕಾದವರೇ, ಬಹುಕಾಲ ಲೆಕ್ಕದ ಹೊರಗಿದ್ದರು. ಈಗೀಗ ಸ್ವಲ್ಪ ಬದಲಾಗುತ್ತಿದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಚಾರಿಯಟ್-ಎಂಎಸ್ ಎಂಬ ಪ್ರಯೋಗ ಕ್ಲಾಡ್ರಿಬಿನ್ ಮಾತ್ರೆಯನ್ನು 6.5ರಿಂದ 8.5ರವರೆಗಿನ, ಅಂದರೆ ಗಾಲಿಕುರ್ಚಿಯಲ್ಲಿರುವವರೂ ಸೇರಿದ ರೋಗಿಗಳಲ್ಲಿ ಪರೀಕ್ಷಿಸಲು ಹೊರಟಿತು. ಅಲ್ಲಿ ಅಳೆಯುವುದು ಕಾಲನ್ನಲ್ಲ, ಕೈಯನ್ನು. ಮತ್ತೆ ಅದೇ ಒಂಬತ್ತು ರಂಧ್ರ, ಒಂಬತ್ತು ಗೂಟ. ನಡೆಯಲಾಗದವರಿಗೂ ಉಳಿಸಿಕೊಳ್ಳಬೇಕಾದದ್ದು ಇದೆ ಎಂದು ಒಪ್ಪಿಕೊಂಡ ಪ್ರಯೋಗ ಅದು. ಅಕ್ಕ ಹುರುಳಿಕಾಯಿ ನಾರು ತೆಗೆಯುತ್ತ ಕೇಳಿಸಿಕೊಳ್ಳುತ್ತಿದ್ದಳು. “ಕೈ ಇದ್ರೆ ಸಾಕು ಮಾರಾಯ” ಅಂದಳು.

ಕೊನೆಗೆ ಅವಳು ಪರೀಕ್ಷೆಗಳನ್ನು ಮಾಡಿಸಿಕೊಂಡಳು. ಐದು ಸರಿಯಾಗಿದ್ದವು. ಇಸಿಜಿಯಲ್ಲಿ ಮಾತ್ರ, ಅವಳಿಗೆ ತನ್ನಲ್ಲಿದೆ ಎಂದೇ ಗೊತ್ತಿರದ ಒಂದು ದೋಷ ಸಿಕ್ಕಿತು: ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂಕೇತ ಹೋಗುವ ದಾರಿಯಲ್ಲಿ ತಡೆ. ಡಾಕ್ಟರು ಈ ಮಾತ್ರೆ ಬೇಡ ಎಂದರು. ಆ ಸಂಜೆ ಫೋನು ಬಂತು.

“ಟೆಸ್ಟು ಪಾಸಾಯ್ತು ಕಣೋ, ನಾನು ಫೇಲು.”

ನಾನು ಸಮಾಧಾನ ಹೇಳಲು ಹೊರಟೆ. ಅವಳು ತಡೆದಳು. “ಅಳ್ತಾ ಇಲ್ಲ ನಾನು. ಆ 2011ರಲ್ಲಿ ಹೋದವರು ಅಂದ್ಯಲ್ಲ, ಮೊದಲ ಮಾತ್ರೆ ನುಂಗಿ. ಅವರ ಹೆಸರು ಬರೆದಿಲ್ವಾ ಎಲ್ಲೂ?”

ಇಲ್ಲ ಎಂದೆ. ವರದಿಗಳಲ್ಲಿ ಹೆಸರಿರುವುದಿಲ್ಲ, ಬರೀ ಸಂಖ್ಯೆ. ನಮ್ಮ ಊರುಗಳ ವೀರಗಲ್ಲುಗಳಲ್ಲಾದರೂ ಬಿದ್ದವನ ಆಕೃತಿ ಇರುತ್ತದೆ. ಈ ಪಟ್ಟಿಗಳಲ್ಲಿ ಅದೂ ಇಲ್ಲ. ಅಕ್ಕ ಒಂದು ಕ್ಷಣ ಸುಮ್ಮನಿದ್ದು, “ಸರಿ, ಆ ಚೀಟಿ ಬಿಸಾಡಬೇಡ, ವಾಪಸ್ ತಗೊಂಡು ಬಾ” ಅಂದಳು. ಮುಂದಿನ ವಾರ ಹೋಗಿ ಕೊಟ್ಟೆ. ಅವಳು ಅದನ್ನು ಮಡಚಿ ಕನ್ನಡಕದ ಡಬ್ಬಿಯ ಕೆಳಗೇ ಇಟ್ಟಳು.